ಎಲಿಯಾ ಹೇಳಿದ ರೈಟು

ಭಾಗಮಂಡಲದಿಂದ ಕರಿಕೆಯವರೆಗೆ ನನ್ನ ನಿಜವಾದ ಹೆಸರು ಗೊತ್ತಿರುವವರು ಈಗ ಕಡಿಮೆ. ಎಲ್ಲರಿಗೂ ನಾನು ರೈಟ್ ಮಾವ. ಮದುವೆ ಮನೆಯಲ್ಲಿ ಊಟ ಮುಗಿಸಿ ಕೈತೊಳೆದು ಬಂದರೆ ಯಾರಾದರೂ ಒಬ್ಬರು ಕುರ್ಚಿ ಎಳೆದು ಕರೆಯುತ್ತಾರೆ.

"ರೈಟ್ ಮಾವ, ಬನ್ನಿ, ಕುದ್ರಿ. ಆ ಪೊಲೀಸ್ ದೊರೆನ ಟೊಪ್ಪಿ ಗ್ಲಾಸಿಗೆ ಬಡ್ದದ್ ಒಂದ್ ಸಲ ಹೇಳಿ."

"ಎಷ್ಟ್ ಸಲ ಕೇಳಿಯಾತಲ್ಲಾ?"

"ಇವು ಕೇಳಿತ್ಲೆ ಮಾವ. ಇವು ಸುಳ್ಯಂದ ಬಂದವು."

ನಾನು ಹೇಳುತ್ತೇನೆ. ಅವರು ನಗುತ್ತಾರೆ. ಕಥೆ ಯಾವಾಗಲೂ ಟೊಪ್ಪಿ ಗಾಜಿಗೆ ಬಡಿಯುವಲ್ಲಿಗೆ ನಿಲ್ಲುತ್ತದೆ. ಅದರಾಚೆ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಕಳೆದ ಮಳೆಗಾಲದ ಕಕ್ಕಡ ತಿಂಗಳಲ್ಲಿ ಪತ್ರೊಡೆಗೆ ಮರಕೆಸುವಿನ ಎಲೆ ಸುರುಳಿ ಸುತ್ತುತ್ತಾ ಕುಳಿತಿದ್ದ ನನ್ನ ಹೆಂಡತಿ ಗಂಗಮ್ಮ ಯಾವುದೋ ಯೋಚನೆಯಲ್ಲಿ ಕೇಳಿದಳು: "ಅಲ್ಲ, ಫೇಲ್ ಆದ ಮೇಲೆ ನಿಮ್ಗೆ ಲೈಸೆನ್ಸ್ ಹೆಂಗೆ ಸಿಕ್ಕಿತ್? ಆ ಆಫ್ರಿಕಲಿ ಗಾಡಿ ಬುಡಿಕೆ ಕಲ್ಸಿದವು ಯಾರ್?"

"ಒಬ್ಬ ಇತ್ತ್," ಅಂದೆ. ಅವಳು ನನ್ನ ಮುಖ ನೋಡಿ ಮುಂದಿನ ಎಲೆ ಕೈಗೆತ್ತಿಕೊಂಡಳು. ಬಾಯಿಬಿಟ್ಟು ಹೇಳಲಾಗದ್ದನ್ನು ಬರೆದಾದರೂ ಹೇಳೋಣ ಎಂದು ಕುಳಿತಿದ್ದೇನೆ. ಓದಿದ ಮೇಲೆ ಅವಳು ಏನು ಹೇಳಿದರೂ ಕೇಳಿಸಿಕೊಳ್ಳುತ್ತೇನೆ.

ಮೋಶಿ: ಸ್ಟೇಟೋ ಎಸ್ಟೇಟೋ

ಕೊಡಗು ಆಗ ಒಂದು ಬೇರೆಯೇ ರಾಜ್ಯ, ಕೂರ್ಗ್ ಸ್ಟೇಟ್. ಮಡಿಕೇರಿಯಲ್ಲೇ ನಮ್ಮ ಮಂತ್ರಿಗಳು, ನಮ್ಮ ಅಸೆಂಬ್ಲಿ. ನಾನು ಹೈಸ್ಕೂಲು ಮುಗಿಸಿ ಎರಡು ಮಳೆಗಾಲ ಮಡಿಕೇರಿ–ಭಾಗಮಂಡಲ ಬಸ್ಸಿನಲ್ಲಿ ಕಂಡಕ್ಟರಾಗಿದ್ದೆ. ಆಮೇಲೆ ಹುದಿಕೇರಿ ಕಡೆಯ ಒಬ್ಬ ಇಂಗ್ಲಿಷ್ ದೊರೆಯ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆದೆ. ಅಲ್ಲಿ ಜೀಪು ಓಡಿಸುವುದನ್ನು ಕಲಿತು ಮಡಿಕೇರಿಯಲ್ಲಿ ಲೈಸೆನ್ಸೂ ತೆಗೆದೆ. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೆ ದೊರೆಗೆ ಇಲ್ಲಿ ಮನಸ್ಸು ನಿಲ್ಲಲಿಲ್ಲ. ತೋಟ ಮಾರಿ, ಪೂರ್ವ ಆಫ್ರಿಕದ ಟಾಂಗಾನಿಕಾದಲ್ಲಿ ಕಿಲಿಮಂಜಾರೋ ಬೆಟ್ಟದ ಇಳಿಜಾರಿನಲ್ಲಿ ಕಾಫಿ ತೋಟ ಕೊಂಡ. ಕೊಡಗಿನಲ್ಲಿ ಅರ್ಧ ಆಯುಸ್ಸು ಕಳೆದವನಾದ್ದರಿಂದ ಅವನಿಗೆ ಕನ್ನಡ ಬರುತ್ತಿತ್ತು, ಏಕವಚನದ್ದು ಮಾತ್ರ.

"ಏ ರೈಟರ್, ನೀನು ಬರ್ತಿ?" ಎಂದ. ಹೋದೆ.

ಬೊಂಬಾಯಿಯಿಂದ ಹಡಗು. ಸಮುದ್ರದ ಬಗ್ಗೆ ನಾನು ಬರೆಯಲಾರೆ. ನಾನು ಕಂಡದ್ದು ಬಹುಪಾಲು ವಾಂತಿಯ ಬಕೆಟ್ಟಿನ ತಳ. ಮೊಂಬಾಸಾದಲ್ಲಿ ಇಳಿದು ರೈಲು ಹತ್ತಿ ಮೋಶಿ ಎಂಬ ಪೇಟೆ ಮುಟ್ಟಿದಾಗ ನಾನು ಹುಡುಕಿದ್ದು ಆ ದೊಡ್ಡ ಬೆಟ್ಟವನ್ನು. ಎಲ್ಲಿ ನೋಡಿದರೂ ಮೋಡ. "ಬೆಟ್ಟ ಎಲ್ಲಿದೆ ಸಾರ್?" ಎಂದು ಕೇಳಿದೆ. ದೊರೆ ನನ್ನ ಗಲ್ಲ ಹಿಡಿದು ಮುಖವನ್ನು ಇನ್ನಷ್ಟು ಮೇಲಕ್ಕೆತ್ತಿದ. ಮೋಡದ ಮೇಲೆ, ನಾನು ಬರೀ ಆಕಾಶ ಅಂದುಕೊಂಡಿದ್ದಲ್ಲಿ, ಬಿಳಿಯ ನೆತ್ತಿ ಇತ್ತು. ನಮ್ಮ ಬ್ರಹ್ಮಗಿರಿಯನ್ನು ನೋಡಿ ಬೆಳೆದವನಿಗೆ ಬೆಟ್ಟವನ್ನು ಅಷ್ಟು ಎತ್ತರದಲ್ಲಿ ಹುಡುಕುವ ಅಭ್ಯಾಸವಿರಲಿಲ್ಲ.

ತೋಟ ಮಾತ್ರ ಗುರುತಿನದೇ ಅನ್ನಿಸಿತು. ಅದೇ ಗಿಡ, ಅದೇ ಹೂವಿನ ಪರಿಮಳ. ಆದರೆ ನೆರಳಿನ ಮರ ಕಡಿಮೆ, ಮರಕ್ಕೆ ಕರಿಮೆಣಸಿನ ಬಳ್ಳಿ ಇಲ್ಲವೇ ಇಲ್ಲ. ನನ್ನ ಕಣ್ಣಿಗೆ ಮರಗಳೆಲ್ಲ ಬಟ್ಟೆ ಉಡದೆ ನಿಂತ ಹಾಗೆ ಕಾಣುತ್ತಿದ್ದವು. ಗುಮಾಸ್ತನಿಗೆ ಅಲ್ಲಿಯ ಸ್ವಾಹಿಲಿ ಭಾಷೆಯಲ್ಲಿ ಕರಾನಿ ಎನ್ನುತ್ತಾರೆ, ವಾಹನಕ್ಕೆ ಗಾರಿ, ಚಹಾಕ್ಕೆ ಚಾಯಿ. ನಮ್ಮ ಕಡೆಯ ಮಾತುಗಳು ನನಗಿಂತ ಮುಂಚೆಯೇ ಹಡಗು ಹತ್ತಿ ಬಂದು ಅಲ್ಲಿ ನೆಲೆಸಿದ್ದವು. ದೊರೆಗೆ ಮಾತ್ರ ಬ್ವಾನಾ ಎನ್ನಬೇಕು.

ದೊರೆ ಮೊದಲ ವಾರವೇ ನನ್ನನ್ನು ಕರೆದು ಸ್ಪಷ್ಟವಾಗಿ ಹೇಳಿದ. ಬರೆಯುವವರು ಅಲ್ಲೇ ಬೇಕಾದಷ್ಟು ಸಿಗುತ್ತಾರೆ. ಬರೆಯುವವನೂ ಪೇಟೆಗೆ ಗಾಡಿ ಬಿಡುವವನೂ ಒಬ್ಬನೇ ಆದರೆ ಮಾತ್ರ ನನ್ನನ್ನು ಇಟ್ಟುಕೊಳ್ಳುವುದರಲ್ಲಿ ಅರ್ಥವಿದೆ. ನನ್ನ ಪರ್ಮಿಟ್ಟು ಮುಗಿಯುವುದರೊಳಗೆ ಲೈಸೆನ್ಸ್ ಆಗಬೇಕು, ಇಲ್ಲವಾದರೆ ವಾಪಸು ಹಡಗು. ನನ್ನನ್ನು ಕಳಿಸಲು ಊರಿಗೆ ಊರೇ ಬಸ್ಸಿನ ತನಕ ಬಂದಿತ್ತು. ಅಪ್ಪ ಹೊಸ ಕೋಟು ಹಾಕಿಕೊಂಡು ನಿಂತಿದ್ದರು. ಅದೇ ಬಸ್ಸಿನಿಂದ ಅಷ್ಟು ಬೇಗ ಅವರೆದುರು ಇಳಿಯಲು ನಾನು ತಯಾರಿರಲಿಲ್ಲ.

ಕೂರ್ಗ್ ಲೈಸೆನ್ಸ್ ಇದೆಯಲ್ಲ, ಸೀಲು ಹೊಡೆಸಿದರಾಯಿತು ಎಂದುಕೊಂಡು ಮೋಶಿಯ ಕಚೇರಿಗೆ ಹೋದೆ. ಅಲ್ಲಿ ಬಿಳಿಯರಿಗೊಂದು, ನಮ್ಮಂಥವರಿಗೊಂದು, ಆಫ್ರಿಕದವರಿಗೊಂದು ಸಾಲು. ನಮ್ಮ ಸಾಲಿನ ಮುಂದೆ ಗೋವಾದ ಒಬ್ಬ ದಪ್ಪ ಗುಮಾಸ್ತ.

"ಕೂರ್ಗ್? ಅದು ಯಾವ ಪ್ರಾಂತದಲ್ಲಿದೆ? ಮೈಸೂರಾ, ಮದ್ರಾಸಾ?"

"ಎರಡೂ ಅಲ್ಲ ಸಾರ್. ಅದೇ ಒಂದು ಸ್ಟೇಟು."

ಅವನು ಗೋಡೆಯ ಇಂಡಿಯಾ ನಕ್ಷೆಯ ಹತ್ತಿರ ಹೋಗಿ ಕನ್ನಡಕ ಏರಿಸಿ ಹುಡುಕಿದ. ಕೂರ್ಗ್ ಇರಬೇಕಾದ ಜಾಗದ ಮೇಲೆ ನಕ್ಷೆಗೆ ಹೊಡೆದ ಮೊಳೆ ಇತ್ತು.

"ಎಷ್ಟು ದೊಡ್ಡದು ನಿಮ್ಮ ಸ್ಟೇಟು?"

"ಬೆಳಿಗ್ಗೆ ಕಾಫಿ ಕುಡಿದು ಒಂದು ತುದಿಯಿಂದ ಹೊರಟರೆ ಮಧ್ಯಾಹ್ನದ ಊಟಕ್ಕೆ ಇನ್ನೊಂದು ತುದಿ ಮುಟ್ಟಬಹುದು."

"ಹಾಗಾದರೆ ಅದು ಸ್ಟೇಟ್ ಅಲ್ಲ ಮಹಾರಾಯ, ಎಸ್ಟೇಟ್!" ಎಂದು ನಕ್ಕ. ಹಿಂದೆ ನಿಂತಿದ್ದ ಗುಜರಾತಿಗಳೂ ನಕ್ಕರು. ಹೊಸದಾಗಿ ಪರೀಕ್ಷೆ ಕೊಡಬೇಕೆಂದು ತೀರ್ಮಾನವಾಯಿತು.

ಎಲಿಯಾನ ಪಾಠ

ಎಸ್ಟೇಟಿನ ಲಾರಿ ಡ್ರೈವರ್ ಎಲಿಯಾ. ಮೋಶಿಯ ದಕ್ಷಿಣಕ್ಕಿರುವ ಪಾರೆ ಬೆಟ್ಟದವನು, ನಲವತ್ತು ದಾಟಿದವನು. ಯುದ್ಧಕಾಲದಲ್ಲಿ ಸೈನ್ಯದ ಲಾರಿ ಓಡಿಸಿಕೊಂಡು ಬರ್ಮಾದವರೆಗೆ ಹೋಗಿಬಂದಿದ್ದ. ಮನೆಮನೆಯಿಂದ ಸೈನ್ಯಕ್ಕೆ ಹೋಗುವ ಊರು ನನ್ನದು ಎಂದಾಗ ಅವನು ತನ್ನ ಎರಡೂ ಕೈಯಿಂದ ನನ್ನ ಕೈ ಹಿಡಿದುಕೊಂಡ. ನನಗೆ ಗಾಡಿ ಕಲಿಸೆಂದು ದೊರೆ ಅವನಿಗೆ ಹೇಳಿರಲಿಲ್ಲ. ಅವನಾಗಿಯೇ ಮುಂದೆ ಬಂದ.

"ಕರಾನಿ, ಗಾಡಿ ನಿನಗೆ ಬರುತ್ತದೆ. ಈ ರಸ್ತೆ ಬರುವುದಿಲ್ಲ, ಅಷ್ಟೇ," ಎಂದ.

ನಿಜ. ನಾನು ತಿರುವು ಕಂಡಲ್ಲೆಲ್ಲ ಹಾರ್ನ್ ಹೊಡೆಯುತ್ತಿದ್ದೆ. ಭಾಗಮಂಡಲದ ರಸ್ತೆಯಲ್ಲಿ ಹಾಗೆ ಮಾಡದಿದ್ದರೆ ಎದುರಿನ ಬಸ್ಸಿಗೆ ನಾವು, ನಮಗೆ ಅದು ಗುದ್ದುವುದೇ. ಅಲ್ಲಿಯ ಜನ ಮಾತ್ರ ಹಾರ್ನ್ ಕೇಳಿದರೆ ತಮ್ಮನ್ನು ಮಾತನಾಡಿಸಿದ್ದು ಎಂದುಕೊಳ್ಳುತ್ತಿದ್ದರು. ಬಾಳೆಗೊನೆ ಹೊತ್ತ ಹೆಂಗಸರು ಗೊನೆ ಇಳಿಸಿ ಕೈಬೀಸುತ್ತಿದ್ದರು. ಮುದುಕರು ಕೋಲು ಎತ್ತಿ ಗಾಡಿ ನಿಲ್ಲಿಸಿ ಮನೆಯಲ್ಲಿ ಹೇಗಿದ್ದಾರೆ, ಮಕ್ಕಳು ಹೇಗಿದ್ದಾರೆ, ಕೆಲಸ ಹೇಗಿದೆ, ರಾತ್ರಿ ನಿದ್ದೆ ಬಂತೇ ಎಂದು ಒಂದೊಂದಾಗಿ ಕೇಳುತ್ತಿದ್ದರು. ಎಲ್ಲದಕ್ಕೂ ಉತ್ತರ ಹೇಳಿ, ನಾವೂ ಅಷ್ಟನ್ನೇ ತಿರುಗಿ ಕೇಳಬೇಕು. ನಮ್ಮಲ್ಲಿ ಒಂದು "ಎಂತ ಸಮಾಚಾರ"ದಲ್ಲಿ ಮುಗಿಯುವ ಕೆಲಸ ಅಲ್ಲಿ ಎಂಜಿನ್ ತಣ್ಣಗಾಗುವಷ್ಟು ಹೊತ್ತು ನಡೆಯುತ್ತಿತ್ತು.

"ಇವನು ಯಾರು, ದಾರಿಯಲ್ಲಿ ಎಲ್ಲರಿಗೂ ನಮಸ್ಕಾರ ಹೇಳಿಕೊಂಡು ಹೋಗುವವನು?" ಎಂದು ಒಬ್ಬ ಅಜ್ಜಿ ಎಲಿಯಾನನ್ನು ಕೇಳಿದಳಂತೆ. "ಬಹಳ ಮರ್ಯಾದೆಯ ಊರಿನವನು ಅಜ್ಜಿ," ಎಂದನಂತೆ ಇವನು.

ಯಾರಾದರೂ ಎಡವಿದರೆ ಅಲ್ಲಿ ಪಕ್ಕದವರು ಕ್ಷಮೆ ಕೇಳುವಂತೆ ಒಂದು ಮಾತು ಹೇಳುತ್ತಾರೆ. ತಾವು ತಳ್ಳಿರಬೇಕೆಂದೇನೂ ಇಲ್ಲ. ಒಮ್ಮೆ ನನ್ನ ಬೆರಳು ಬಾಗಿಲಿಗೆ ಸಿಕ್ಕಿಕೊಂಡಾಗ ಎಲಿಯಾ ಹಾಗೆ ಹೇಳಿದ. "ನೀನೇನು ಮಾಡಿದಿ?" ಎಂದೆ. ಅವನಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ನಮ್ಮಲ್ಲಾದರೆ "ಕಣ್ಣು ಕಾಣುದಿಲ್ವಾ?" ಎಂದು ಬೈದು ಆಮೇಲೆ ಅರಿಶಿನ ಹಚ್ಚುತ್ತಿದ್ದರು.

ಟೊಪ್ಪಿಯ ಕಥೆ

ಪರೀಕ್ಷೆಯ ದಿನ ಕೆಂಪು ಮುಖದ ಒಬ್ಬ ಪೊಲೀಸ್ ಅಧಿಕಾರಿ ಬಿಸಿಲುಟೊಪ್ಪಿ ಹಾಕಿಕೊಂಡು ನನ್ನ ಪಕ್ಕ ಕುಳಿತ. ಬಾಗಿಲು ಹಾಕಿ, ಪೆನ್ಸಿಲ್ ಕಿವಿಗೆ ಸಿಕ್ಕಿಸಿ, "ರೈಟ್" ಎಂದ. ನಾನು ಹೊರಟೆ. ಅದು ಸರಿಯಾಗಿಯೇ ಇತ್ತು, ಅವನೂ ತಲೆಯಾಡಿಸಿದ. ಗ್ರಹಚಾರ ಅಲ್ಲೇ ಶುರುವಾಯಿತು.

ಮಾರುಕಟ್ಟೆಯ ಹತ್ತಿರ ಕವಲು ಬಂತು. ಅವನು "ರೈಟ್" ಎಂದ. ಎರಡು ಮಳೆಗಾಲ ಬಸ್ಸಿನ ಮೆಟ್ಟಿಲಲ್ಲಿ ನೇತಾಡಿ ನಾನೇ ಕೂಗಿದ ಮಾತು ಅದು. ದಾರಿ ಸಲೀಸಾಗಿದೆ ಹೋಗು ಎನ್ನುತ್ತಿದ್ದಾನೆಂದು ನೇರ ಹೋದೆ. ಅವನು ಗಟ್ಟಿಯಾಗಿ "ರೈಟ್! ರೈಟ್!" ಎಂದ. ಎರಡು ಸಲ ಅಂದರೆ ಬೇಗ ಹೋಗು ಎಂದು ಯಾವ ಡ್ರೈವರಿಗೆ ಗೊತ್ತಿಲ್ಲ? ಗೇರ್ ಬದಲಿಸಿ ಒತ್ತಿದೆ. ಒಂದು ಕತ್ತೆ, ಎರಡು ಸೈಕಲ್ಲು ಪಕ್ಕಕ್ಕೆ ಹಾರಿದವು. ಅಧಿಕಾರಿ ಡ್ಯಾಶ್‌ಬೋರ್ಡ್ ಹಿಡಿದುಕೊಂಡು "ಹೋಲ್ಡ್ ಆನ್, ಮ್ಯಾನ್!" ಎಂದು ಕಿರುಚಿದ.

ಹೋಲ್ಡಾನ್! ಬಸ್ಸು ನಿಲ್ಲಿಸಲು ನಾವು ಕಂಡಕ್ಟರುಗಳು ಕೂಗುವುದು ಅದನ್ನೇ. ನಾನು ಎರಡೂ ಕಾಲಲ್ಲಿ ಬ್ರೇಕ್ ತುಳಿದೆ. ಟೊಪ್ಪಿ ಹೋಗಿ ಗಾಜಿಗೆ ಬಡಿಯಿತು, ಅದರೊಳಗೆ ತಲೆಯೂ ಇತ್ತು.

ಅವನು ಟೊಪ್ಪಿ ತೆಗೆದು ಅದರ ನೆಗ್ಗನ್ನು ಒತ್ತಿ ಸರಿಮಾಡಿದ. ಆಮೇಲೆ, "ಎಲ್ಲಿ ಕಲಿತೆ?" ಎಂದ.

"ಕೂರ್ಗ್, ಸಾರ್."

"ಅದೆಲ್ಲಿದೆಯೋ ನನಗೆ ಗೊತ್ತಿಲ್ಲ. ಅಲ್ಲಿ ತಿರುವುಗಳೇ ಇಲ್ಲವೆಂದು ಕಾಣುತ್ತದೆ."

ತಿರುವು ಬಿಟ್ಟರೆ ಬೇರೇನೂ ಇಲ್ಲದ ಊರು ಸ್ವಾಮಿ ನಮ್ಮದು ಎಂದು ಹೇಳಬೇಕೆನಿಸಿತು.

ಮದುವೆ ಮನೆಗಳಲ್ಲಿ ನಾನು ಹೇಳುವುದು ಇಲ್ಲಿಗೆ ಮುಗಿಯುತ್ತದೆ. ಎಲಿಯಾ ಇದನ್ನು ಕೇಳಿ ಲಾರಿಯ ಮಡ್‌ಗಾರ್ಡ್ ಹಿಡಿದುಕೊಂಡು ನಕ್ಕ. ಕಣ್ಣೊರೆಸಿಕೊಂಡು ಕೇಳಿದ: "ಹಾಗಾದರೆ ನಿಮ್ಮೂರಲ್ಲಿ ಬಸ್ಸು ಬಲಗಡೆ ತಿರುಗಬೇಕಾದರೆ ಕಂಡಕ್ಟರ್ ಏನು ಹೇಳುತ್ತಾನೆ?"

"ಏನೂ ಹೇಳುವುದಿಲ್ಲ. ರಸ್ತೆಯೇ ತಿರುಗುತ್ತದೆ."

ಅವನು ಮತ್ತೆ ನಕ್ಕ. ನಮ್ಮ ದೊರೆಯೂ ನಕ್ಕು, ತನ್ನ ಕ್ಲಬ್ಬಿನಲ್ಲಿ ಇದನ್ನು ಹೇಳಿ ಎಲ್ಲರನ್ನೂ ನಗಿಸಿದ. ಕೆಲವು ದಿನ ಮೋಶಿಯ ಬಿಳಿಯರೆಲ್ಲ ನನ್ನನ್ನು ಕಂಡರೆ "ರೈಟ್!" ಎನ್ನುತ್ತಿದ್ದರು.

ಎಲಿಯಾ ಮರುದಿನದಿಂದ ಪಾಠ ಬದಲಿಸಿದ. ಪರೀಕ್ಷೆ ಇಂಗ್ಲಿಷಿನಲ್ಲಿ, ಆದ್ದರಿಂದ ಇನ್ನು ಮುಂದೆ ಗಾಡಿಯಲ್ಲಿ ತಾನೂ ಸ್ವಾಹಿಲಿ ಬಿಟ್ಟು ಇಂಗ್ಲಿಷ್ ಮಾತನ್ನೇ ಆಡುವುದು ಎಂದ. ನನ್ನ ಬಲಗೈ ಮಣಿಕಟ್ಟಿಗೆ ಬಾಳೆನಾರು ಕಟ್ಟಿದ. "ರೈಟ್ ಎಂದರೆ ಈ ನಾರು," ಎಂದ. ಮೊದಮೊದಲು ತಪ್ಪಿದೆ, ಆಮೇಲೆ ತಪ್ಪಲಿಲ್ಲ. ನಾರು ಒಣಗಿ ತಾನಾಗಿ ಉದುರಿದಾಗ ಅವನು ಹೊಸದು ಕಟ್ಟಲಿಲ್ಲ. ಬೇಕಾಗಿರಲಿಲ್ಲ. ಆ ಮಾತು ನನಗೆ ಅವನಿಗೆ ಗೊತ್ತಿದ್ದಷ್ಟೇ ಚೆನ್ನಾಗಿ ಗೊತ್ತಾಗಿತ್ತು.

ನೀರಿನ ಕಾಲುವೆ

ಕಿಲಿಮಂಜಾರೋ ಇಳಿಜಾರಿನ ಜನ ಮೇಲಿನ ಹೊಳೆಯ ನೀರನ್ನು ಸಣ್ಣ ಕಾಲುವೆ ತೋಡಿ ತೋಟ ತೋಟಕ್ಕೆ ಹರಿಸುತ್ತಾರೆ. ನಮ್ಮ ಎಸ್ಟೇಟಿನೊಳಗೂ ಅಂಥದೊಂದಿತ್ತು. ಅದರ ಕೆಳಗೇ ದೊರೆಯ ನರ್ಸರಿ. ಮುಂದಿನ ಮಳೆಗೆ ನೆಡಲೆಂದು ಎಬ್ಬಿಸಿದ ಕಾಫಿ ಸಸಿಗಳು ಪಾತಿ ಪಾತಿಯಾಗಿ ನಿಂತಿದ್ದವು. ದೊರೆ ದಿನಾ ಬೆಳಿಗ್ಗೆ ನಾಯಿಯ ಜೊತೆ ಬಂದು ಅವನ್ನು ನೋಡಿಕೊಂಡು ಹೋಗುತ್ತಿದ್ದ.

ಕಾಲುವೆ ದಾಟಲು ಎರಡು ದಪ್ಪ ಹಲಗೆ ಹಾಕಿತ್ತು, ಎಡಬಲ ಚಕ್ರಗಳಿಗೆ ಒಂದೊಂದು. ಎರಡನೆಯ ಪರೀಕ್ಷೆ ಹತ್ತಿರವಾಗಿತ್ತು. ಖಾಲಿ ಲಾರಿಯನ್ನು ನನ್ನ ಕೈಗೆ ಕೊಟ್ಟು ಎಲಿಯಾ ಇಳಿದು, ಹಲಗೆಯ ಆಚೆ ಬಗ್ಗಿ ಕುಳಿತು ಚಕ್ರಗಳನ್ನೇ ನೋಡುತ್ತಾ ದಾರಿ ಹೇಳುತ್ತಿದ್ದ. "ಕಮ್. ಕಮ್."

ದಂಡೆಯ ಮೇಲೆ ಕಾಫಿ ಪಿಕ್ಕಿಂಗಿಗೆ ಬಂದ ಹೆಂಗಸರು ಕುಳಿತಿದ್ದರು. ನನ್ನ ಹಾರ್ನಿನ ಗುರುತು ಅವರಿಗೆಲ್ಲ ಇತ್ತು. "ಕರಾನಿ! ಕರಾನಿ!" ಎಂದು ಕೂಗಿ ನಗುತ್ತಾ ಕೈಬೀಸಿದರು. ನನಗೆ ಇಪ್ಪತ್ತರ ಮೇಲೆ ಸ್ವಲ್ಪ ವಯಸ್ಸು. ಮಡಿಕೇರಿಯ ಹಳೆಯ ಬಸ್ ಡ್ರೈವರುಗಳು ಒಂದೇ ಕೈಯಲ್ಲಿ ಸ್ಟೀರಿಂಗ್ ತಿರುಗಿಸುತ್ತಾ ಇನ್ನೊಂದು ಕೈ ಕಿಟಕಿಯಿಂದ ಹೊರಗೆ ಚಾಚಿ ಎಲ್ಲರಿಗೂ ಸಲಾಂ ಹೇಳುವುದನ್ನು ನೋಡಿ ಆಸೆಪಟ್ಟವನು ನಾನು. ಬಲಗೈ ಹೊರಗೆ ಹಾಕಿ ಬೀಸಿದೆ.

"ರೈಟ್!" ಎಂದ ಎಲಿಯಾ. ಎಡಚಕ್ರ ಹಲಗೆಯ ಅಂಚಿಗೆ ಬಂದಿತ್ತು. "ರೈಟ್! ರೈಟ್!"

ನನಗೆ ಕೇಳಿಸಿತು. ಅರ್ಥವೂ ಆಯಿತು. ಬಲಕ್ಕೆ ತಿರುಗಿಸಬೇಕೆಂದು ಗೊತ್ತಿದ್ದೇ ಎಡಗೈಯೊಂದರಲ್ಲೇ ಎಳೆದೆ. ಆ ಲಾರಿಯ ಸ್ಟೀರಿಂಗ್ ಒಂದು ಕೈಗೆ ಬಗ್ಗುವಂಥದಲ್ಲ. ಹೊರಗಿನ ಕೈಯನ್ನು ಒಳಗೆ ತರುವಷ್ಟರಲ್ಲಿ ಲಾರಿ ಹಲಗೆ ಬಿಟ್ಟು ಕಾಲುವೆಯ ಗೋಡೆಗೆ ಬಿದ್ದಿತ್ತು. ಎಲಿಯಾ ಹಿಂದಕ್ಕೆ ಹಾರಿ ಬದುಕಿದ. ಗೋಡೆ ಒಡೆಯಿತು. ನೀರೆಲ್ಲ ಕೆಂಪು ಮಣ್ಣಿನ ಸಮೇತ ನರ್ಸರಿಗೆ ಇಳಿಯಿತು. ಸಸಿಗಳು ಒಂದೊಂದು ಪಾತಿಯಾಗಿ ಮಲಗುವುದನ್ನು ನಾನು ಓರೆಯಾದ ಸೀಟಿನಲ್ಲಿ ಕುಳಿತೇ ನೋಡಿದೆ.

ಎಲಿಯಾ ಓಡಿಬಂದು ಬಾಗಿಲು ಎಳೆದು ನನ್ನನ್ನು ಇಳಿಸಿಕೊಂಡ. ಮೈಯೆಲ್ಲ ಮುಟ್ಟಿ ನೋಡಿದ. ಅವನು ಚಕ್ರ ಬಿಟ್ಟು ಬೇರೇನನ್ನೂ ನೋಡಿರಲಿಲ್ಲ, ನನ್ನ ಕೈ ಎಲ್ಲಿತ್ತೆಂಬುದು ಅವನಿಗೆ ಗೊತ್ತಿರಲಿಲ್ಲ. ಹೆಂಗಸರು ನೋಡಿದ್ದರು. ಅವರನ್ನು ಕೇಳುವವರಾರು?

ಬಂಗಲೆಯ ಮೆಟ್ಟಿಲು

ಸಂಜೆ ದೊರೆ ಕರೆಸಿದ. ನನ್ನನ್ನು ಜಗಲಿಗೆ ಬರಹೇಳಿದ. ಎಲಿಯಾ ಮೆಟ್ಟಿಲ ಕೆಳಗೆ ಟೊಪ್ಪಿ ಕೈಯಲ್ಲಿ ಹಿಡಿದು ನಿಂತಿದ್ದ. ಅಲ್ಲಿಯ ರೀತಿ ಅದು. ಹುದಿಕೇರಿಯ ಬಂಗಲೆಯಲ್ಲಿ ಆ ಮೆಟ್ಟಿಲ ಕೆಳಗೆ ನಿಲ್ಲುತ್ತಿದ್ದವನು ನಾನು.

ದೊರೆ ಕೋಪ ಬಂದಾಗ ಕನ್ನಡಕ್ಕೆ ಬರುತ್ತಿದ್ದ. "ಏ ರೈಟರ್! ಎಲ್ಲಾ ಸಸಿ ಹೋಯ್ತು. ಹೇಳು, ಏನ್ ಮಾಡಿದಿ ನೀನು?"

ದಾರಿಯುದ್ದಕ್ಕೂ ನಾನು ನಿಜ ಹೇಳುವುದೆಂದೇ ಗಟ್ಟಿ ಮಾಡಿಕೊಂಡು ಬಂದಿದ್ದೆ. ಆದರೆ ಅವನ ಮುಖ ನೋಡುತ್ತಲೇ ಹಡಗು ಕಂಡಿತು, ಬಸ್ಸು ಕಂಡಿತು, ಅಪ್ಪನ ಕೋಟು ಕಂಡಿತು.

"ಅವ ರೈಟ್ ಅಂದ, ಸಾರ್," ಎಂದೆ. "ನಮ್ಮ ಕೂರ್ಗಿಲಿ ರೈಟ್ ಅಂದ್ರೆ..."

ಮಾತು ಮುಗಿಸುವ ಕೆಲಸವೇ ಬರಲಿಲ್ಲ. ದೊರೆ ಹಣೆ ಬಡಿದುಕೊಂಡ. ಕ್ಲಬ್ಬಿನಲ್ಲಿ ಎಷ್ಟೋ ಸಲ ಅವನೇ ಹೇಳಿ ನಗಿಸಿದ ಕಥೆ ಅದು. ಅವನೇ ಹೇಳಿದ್ದನ್ನು ಅವನು ನಂಬದಿರುವುದು ಹೇಗೆ?

ನಾನು ಆಡಿದ ಕನ್ನಡದಲ್ಲಿ ಎಲಿಯಾನಿಗೆ ತಿಳಿದದ್ದು ಒಂದೇ ಮಾತು. ಅದನ್ನು ಕೇಳಿ ಅವನು ತಲೆಯೆತ್ತಿದ. ದೊರೆ ಇಂಗ್ಲಿಷಿನಲ್ಲಿ ಕೇಳಿದ: "ನೀನು ಇವನಿಗೆ ರೈಟ್ ಎಂದೆಯಾ?"

"ಯೆಸ್ ಬ್ವಾನಾ. ಐ ಸೇ ರೈಟ್." ಸಿಪಾಯಿಯಂತೆ ನೆಟ್ಟಗೆ ನಿಂತು, ನನಗೆ ಸಾಕ್ಷಿ ಹೇಳುವವನ ಹಾಗೆ ಹೇಳಿದ. ನನ್ನನ್ನು ಉಳಿಸುತ್ತಿದ್ದೇನೆ ಎಂದೇ ಅವನು ತಿಳಿದಿದ್ದಿರಬೇಕು.

"ಈ ಮನುಷ್ಯನಿಗೆ ಆ ಮಾತು ಹೇಳಬಾರದೆಂದು ಇಡೀ ಮೋಶಿಗೇ ಗೊತ್ತು. ನಿನಗೆ ಗೊತ್ತಿರಲಿಲ್ಲವಾ?"

ಎಲಿಯಾ ನನ್ನ ಕಡೆ ನೋಡಿದ. ಆ ನೋಟದಲ್ಲಿ ಸಂಶಯವಿದ್ದಿದ್ದರೆ ನನಗೆ ಸಹಿಸುವುದು ಸುಲಭವಾಗುತ್ತಿತ್ತು. ಅವನು ಬಾಳೆನಾರಿನ ವಿಷಯ ಎತ್ತಬಹುದಿತ್ತು, ಇವನಿಗೆ ಕಲಿಸಿ ಆಗಿದೆ ಬ್ವಾನಾ ಎನ್ನಬಹುದಿತ್ತು. ಎನ್ನಲಿಲ್ಲ. ಗಾಬರಿಯಲ್ಲಿ ನಾನು ಹಳೆಯ ಅಭ್ಯಾಸಕ್ಕೆ ಜಾರಿದೆನೆಂದು ಅವನು ಅಲ್ಲೇ, ಆ ಕ್ಷಣದಲ್ಲೇ, ನಂಬಿಬಿಟ್ಟ. ತಲೆ ತಗ್ಗಿಸಿದ.

ತಿಂಗಳ ಕೊನೆಗೆ ಅವನು ಎಸ್ಟೇಟ್ ಬಿಡಬೇಕೆಂದು ದೊರೆ ಹೇಳಿದ. ದೊರೆಯ ಒಳ್ಳೆಯ ಮಾತಿಲ್ಲದೆ ಆ ಕಡೆಯ ಬೇರೆ ಯಾವ ತೋಟದಲ್ಲೂ ಡ್ರೈವರ್ ಕೆಲಸ ಸಿಗುವುದಿಲ್ಲವೆಂದು ನಮಗೆ ಮೂವರಿಗೂ ಗೊತ್ತಿತ್ತು.

ಎರಡನೆಯ ಪರೀಕ್ಷೆ

ಅದೇ ಅಧಿಕಾರಿ. ಈ ಸಲ ಟೊಪ್ಪಿಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡು ಕುಳಿತ. "ರೈಟ್" ಎಂದಲ್ಲೆಲ್ಲ ಬಲಕ್ಕೆ ತಿರುಗಿಸಿದೆ, ಒಂದೂ ತಪ್ಪಲಿಲ್ಲ. ಮುಗಿದ ಮೇಲೆ ಅವನು ನನ್ನ ಬೆನ್ನು ತಟ್ಟಿ, "ಯಾರೋ ನಿನಗೆ ಚೆನ್ನಾಗಿ ಕಲಿಸಿದ್ದಾರೆ," ಎಂದ.

ಲೈಸೆನ್ಸ್ ಕೈಗೆ ಬಂತು. ಗೋವಾದ ಗುಮಾಸ್ತ, "ನಿಮ್ಮ ಎಸ್ಟೇಟಿನ ಮಂತ್ರಿಗಳಿಗೆ ತಿಳಿಸು," ಎಂದು ತಮಾಷೆ ಮಾಡಿದ. ನಾನೂ ನಕ್ಕೆ. ಎಷ್ಟು ಸುಲಭವಾಗಿ ನಕ್ಕೆ ಎಂಬುದು ಈಗಲೂ ನೆನಪಿದೆ.

ಎಲಿಯಾನ ಮನೆ

ಅಲ್ಲಿಂದ ನೇರವಾಗಿ ಕೆಲಸಗಾರರ ಲೈನಿಗೆ, ಎಲಿಯಾನ ಮನೆಗೆ ಹೋದೆ. ಹೇಳಿಬಿಡಬೇಕೆಂದೇ ಹೋದೆ. ಅವನ ಹೆಂಡತಿ ಪಾತ್ರೆಗಳನ್ನು ಚಾಪೆಯಲ್ಲಿ ಸುತ್ತುತ್ತಿದ್ದಳು. ಗೋಡೆಯ ಮೇಲಿನ ಅವನ ಸೈನ್ಯದ ಪಟ ಇಳಿಸಿಯಾಗಿತ್ತು. ನನ್ನ ಮುಖ ನೋಡಿದೊಡನೆ ಅವನಿಗೆ ಗೊತ್ತಾಯಿತು.

"ಪಾಸಾ?"

ತಲೆಯಾಡಿಸಿದೆ. ಅವನು ಎದ್ದು ಎರಡೂ ಕೈಯಿಂದ ನನ್ನ ಕೈ ಹಿಡಿದು ಕುಲುಕಿದ. ಹೆಂಡತಿಗೆ ಕೂಗಿ ಹೇಳಿದ. ಅವಳು ಸುತ್ತಿದ ಚಾಪೆ ಬಿಚ್ಚಿ, ಲೋಟ ಹೊರಗೆ ತೆಗೆದು ಚಹಾ ಮಾಡಿದಳು.

"ಎಲಿಯಾ, ಆ ದಿನ ಕಾಲುವೆ ಹತ್ತಿರ..." ಎಂದು ಶುರುಮಾಡಿದೆ.

"ನೀನು ಹೇಳಬೇಡ ಕರಾನಿ. ನಾನು ಹೇಳುತ್ತೇನೆ." ಅವನು ನನ್ನ ಕೈ ಬಿಟ್ಟಿರಲಿಲ್ಲ. "ತಪ್ಪು ನನ್ನದು. ಹೆದರಿದಾಗ ಮನುಷ್ಯನ ಕಿವಿ ಅವನ ಅಮ್ಮನ ಮನೆಗೆ ಓಡಿಹೋಗುತ್ತದೆ. ಬರ್ಮಾದಲ್ಲಿ ಬಾಂಬು ಬಿದ್ದಾಗ ಸಾರ್ಜೆಂಟ್ ಇಂಗ್ಲಿಷಿನಲ್ಲಿ ಕೂಗಿದ್ದು ನನಗೂ ಅರ್ಥವಾಗಿರಲಿಲ್ಲ. ಅದು ಗೊತ್ತಿದ್ದೂ ನಾನು ನಿನಗೆ ರೈಟ್ ಎಂದೆ. ನೀನು ಸತ್ತುಹೋಗಿದ್ದರೆ ನಿನ್ನ ಅಪ್ಪನಿಗೆ ಏನು ಹೇಳುತ್ತಿದ್ದೆ?"

ಅವನ ಹೆಂಡತಿ ಚಹಾ ತಂದಿಟ್ಟು ತಾನೂ ಕ್ಷಮೆ ಕೇಳುವ ಆ ಮಾತು ಹೇಳಿದಳು. ನನ್ನಿಂದ ಹೇಳಲಾಗಲಿಲ್ಲ. ಆಗ ಹೇಳಿದ್ದರೆ ಅವನು ದೊರೆಯ ಹತ್ತಿರ ಹೋಗುತ್ತಿದ್ದನೋ ಇಲ್ಲವೋ ತಿಳಿಯದು. ನನಗೆ ಬೇಕಾದದ್ದು ಲೈಸೆನ್ಸೂ ಹೌದು, ಆ ಕೈಗಳೂ ಹೌದು. ಹೇಳಿದರೆ ಎರಡೂ ಹೋಗುತ್ತಿದ್ದವು. ಚಹಾ ಕುಡಿದೆ.

ಹೊರಡುವಾಗ ಅವನು ತನ್ನ ಬಲಗೈ ಎತ್ತಿ ತೋರಿಸಿ, "ನಿನ್ನ ಅಮ್ಮ ಇದಕ್ಕೆ ಏನೆನ್ನುತ್ತಾಳೆ?" ಎಂದು ಕೇಳಿದ.

"ಬಲ," ಎಂದೆ.

"ಬಲೆ," ಎಂದ.

"ಬಲ."

"ಬಲೆ, ಬಲೆ," ಎಂದು ಹೇಳಿಕೊಳ್ಳುತ್ತಾ ಬಾಗಿಲ ತನಕ ಬಂದ. ನಮ್ಮಲ್ಲಿ ಆ ಮಾತಿಗೆ ಬೇರೆ ಅರ್ಥವಿದೆ ಎಂದು ನಾನು ಹೇಳಲಿಲ್ಲ.

ಸ್ಟೇಷನ್ ದಾರಿ

ತಿಂಗಳ ಕೊನೆಯಲ್ಲಿ ಅವರನ್ನು ರೈಲಿಗೆ ಬಿಟ್ಟುಬರಲು ದೊರೆ ನನಗೇ ವ್ಯಾನ್ ಕೊಟ್ಟ. ಲೈಸೆನ್ಸ್ ಸಿಕ್ಕಿದ ಮೇಲೆ ನಾನು ಪೇಟೆಗೆ ಓಡಿಸಿದ ಮೊದಲ ಸಲ ಅದು. ಅವನ ಹೆಂಡತಿ ಹಿಂದೆ ಚಾಪೆ, ಪೆಟ್ಟಿಗೆ, ಎರಡು ಕೋಳಿಯ ಜೊತೆ ಕುಳಿತಳು. ಎಲಿಯಾ ನನ್ನ ಎಡಗಡೆ ಕುಳಿತ. ಬೇರೆಯವನು ಓಡಿಸುವ ಗಾಡಿಯಲ್ಲಿ ಕುಳಿ ಬಂದಲ್ಲೆಲ್ಲ ಅವನ ಕಾಲು ತಾನಾಗಿ ಬ್ರೇಕ್ ತುಳಿಯುತ್ತಿತ್ತು, ಅಲ್ಲಿ ಬ್ರೇಕ್ ಇರಲಿಲ್ಲ.

ಬೆಟ್ಟ ಅಂದು ಮೋಡ ಸರಿದು ಪೂರ್ತಿ ಬಿಚ್ಚಿಕೊಂಡಿತ್ತು. ಅವನು ಒಮ್ಮೆಯೂ ಅದರ ಕಡೆ ನೋಡಲಿಲ್ಲ, ರಸ್ತೆಯನ್ನೇ ನೋಡುತ್ತಿದ್ದ. ಕೆಳಗಿಳಿಯುವ ದಾರಿಯ ಮೊದಲ ತಿರುವು ಬಂದಾಗ ಮೆಲ್ಲಗೆ, "ಬಲೆ," ಎಂದ. ನಾನು ತಿರುಗಿಸಿದೆ. ಇನ್ನೊಂದು ತಿರುವು. "ಬಲೆ." ತಿರುಗಿಸಿದೆ. ನನಗೆ ಆ ದಾರಿ ಗೊತ್ತಿತ್ತು, ನನಗೆ ಗೊತ್ತೆಂದು ಅವನಿಗೂ ಗೊತ್ತಿತ್ತು. ಆದರೂ ಪ್ರತಿ ಬಲತಿರುವಿಗೂ ಹೇಳಿದ, ನಾನು ಇನ್ನೊಮ್ಮೆ ತಪ್ಪದಂತೆ, ತಾನಿಲ್ಲದಿರುವಾಗಲೂ ತಪ್ಪದಂತೆ. ಹಿಂದೆ ಅವನ ಹೆಂಡತಿಯೂ ನಗುತ್ತಾ ಅವನ ಜೊತೆ "ಬಲೆ" ಎನ್ನತೊಡಗಿದಳು. ಮಾರುಕಟ್ಟೆಯ ಕವಲಿನಲ್ಲಿ ಇಬ್ಬರೂ ಒಟ್ಟಿಗೆ ಹೇಳಿದರು.

ರೈಲ್ವೆ ಸ್ಟೇಷನ್ನಿಗೆ ಹೋಗಲು ಕೊನೆಯಲ್ಲಿ ಎಡಕ್ಕೆ ತಿರುಗಬೇಕು. ಎಡಕ್ಕೆ ನಮ್ಮಲ್ಲಿ ಏನೆನ್ನುತ್ತಾರೆಂದು ಅವನು ನನ್ನನ್ನು ಕೇಳಿಕೊಂಡಿರಲಿಲ್ಲ. ಕವಲು ಹತ್ತಿರ ಬಂದಾಗ ಅವನು ಬಾಯಿ ತೆರೆದು, ಮಾತು ಸಿಗದೆ, ನನ್ನ ಎಡತೋಳನ್ನು ಎರಡು ಬೆರಳಿನಿಂದ ಹಗುರಾಗಿ ಮುಟ್ಟಿದ.

ನಾನು ತಿರುಗಿಸಿದೆ.